ತಾಯಿ ಸತ್ತ ಹುಲಿಮರಿಗಳನ್ನು ಹಿಡಿಯಬೇಕೇ, ಕಾಡಿನಲ್ಲೇ ಬಿಡಬೇಕೇ?

2022ರ ನವೆಂಬರ್. ನಾಗರಹೊಳೆಯ ಅಂತರಸಂತೆ ವಲಯದಲ್ಲಿ, ತಾರಕ ಜಲಾಶಯದ ಕಡೆ, ಒಂದು ಹೆಣ್ಣು ಹುಲಿ ಉರುಳಿಗೆ ಸಿಕ್ಕಿ ಸತ್ತಿತ್ತು. ಕಬಿನಿ ಸಫಾರಿಗೆ ಹೋಗುವವರಿಗೆ ಅದು ನಾಯಂಜಿಕಟ್ಟೆ ಹುಲಿ ಅಂತಲೇ ಪರಿಚಯ. ಅದಕ್ಕೆ ಮೂರು ಮರಿಗಳಿದ್ದವು. ಇನ್ನೂ ವರ್ಷ ತುಂಬದವು. ತಾಯಿಯ ಹೆಣ ಸಿಕ್ಕಿತು, ಮರಿಗಳು ಕಾಣಲಿಲ್ಲ.

ಹುಡುಕಾಟ ಶುರುವಾಯಿತು. ಸಾಕಾನೆಗಳು ಬಂದವು, ಪ್ರಾಣಿ ಹಾದುಹೋದರೆ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿದರು, ಅರಣ್ಯ ಇಲಾಖೆಯ ಕಾವಲಿನ ವಾಚರುಗಳು ಹೆಜ್ಜೆ ಗುರುತು ಹುಡುಕುತ್ತಾ ನಡೆದರು. ಮರಿಗಳು ಹಸಿದು ಸತ್ತಿರಬಹುದು, ಬೇರೆ ಹುಲಿ ಕೊಂದಿರಬಹುದು ಅನ್ನುವ ಆತಂಕ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿತ್ತು. ಕೊನೆಗೆ ಮೂರೂ ಬದುಕಿವೆ ಅಂತ ಗೊತ್ತಾಯಿತು. ಅಷ್ಟೇ ಅಲ್ಲ, ಅವು ತಾವಾಗಿಯೇ ಬೇಟೆಯಾಡಿ ತಿಂದ ಗುರುತೂ ಸಿಕ್ಕಿತು. ಇಲಾಖೆ ಅವನ್ನು ಹಿಡಿಯದೆ ದೂರದಿಂದ ಕಣ್ಣಿಟ್ಟು ನೋಡಿಕೊಳ್ಳುವ ದಾರಿ ಹಿಡಿಯಿತು.

ಆ ನಿರ್ಧಾರ ಸರಿ ಅಂತ ನಾನು ನಂಬುತ್ತೇನೆ. ಆದರೆ ಪ್ರತಿ ಸಲ ಇಂಥ ಸುದ್ದಿ ಬಂದಾಗಲೂ ‘ಪಾಪ, ಮರಿಗಳನ್ನು ಕಾಪಾಡಿ, ತಂದು ಸಾಕಿ’ ಅನ್ನುವ ಕೂಗು ಎದ್ದೇ ಏಳುತ್ತದೆ. ಕೂಗುವವರ ಮನಸ್ಸು ಒಳ್ಳೆಯದೇ. ತಬ್ಬಲಿ ಮರಿಗಳ ಫೋಟೋ ನೋಡಿದರೆ ಯಾರಿಗೆ ಕರುಳು ಚುರ್ ಅನ್ನುವುದಿಲ್ಲ ಹೇಳಿ? ಆದರೆ ಹಿಡಿದ ಮರಿಗೂ ಬಿಟ್ಟ ಮರಿಗೂ ಮುಂದೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಹಲವು ಉದಾಹರಣೆಗಳಿವೆ. ಅವನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಪ್ರಶ್ನೆಗೆ ಮರಿಗಳ ವಯಸ್ಸು ಎಷ್ಟು ಮುಖ್ಯವೋ, ಅವುಗಳ ಸುತ್ತಲಿನ ಕಾಡು ಅದಕ್ಕಿಂತ ಜಾಸ್ತಿ ಮುಖ್ಯ ಅನ್ನುವುದು ಕಾಣುತ್ತದೆ.

ಮೊದಲು ವಯಸ್ಸು. ಹುಲಿಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ. ಒಂದೆರಡು ವಾರದೊಳಗೆ ಬಿಡುತ್ತದೆ. ಎರಡು ತಿಂಗಳ ಹೊತ್ತಿಗೆ ತಾಯಿ ಕೊಂದ ಪ್ರಾಣಿಯ ಹತ್ತಿರ ಹೋಗಿ ಮಾಂಸದ ರುಚಿ ನೋಡುತ್ತದೆ. ಐದಾರು ತಿಂಗಳಿಗೆ ಹಾಲು ಬಿಡುತ್ತದೆ. ಆಮೇಲೆ ಬೇಟೆಗೆ ತಾಯಿಯ ಹಿಂದೆ ಹೋಗುವುದು, ಪೊದೆಯ ಮರೆಯಲ್ಲಿ ಅಲುಗಾಡದೆ ಕೂರುವುದು, ತಾಯಿ ಅರ್ಧ ಕೊಂದು ಬಿಟ್ಟ ಜಿಂಕೆಯ ಮೇಲೆ ಬಿದ್ದು ಕಲಿಯುವುದು. ವರ್ಷ ಕಳೆದ ಮೇಲೆ ಹಾಲುಹಲ್ಲಿನ ಜಾಗಕ್ಕೆ ಗಟ್ಟಿ ಕೋರೆಹಲ್ಲು ಬರುತ್ತದೆ. ಒಂದೂವರೆ ಎರಡು ವರ್ಷಕ್ಕೆ ತಾಯಿಯನ್ನು ಬಿಟ್ಟು ಹೊರಡುತ್ತದೆ.

ಹಾಗಾಗಿ ಮೂರು ತಿಂಗಳ ಮರಿಯ ತಾಯಿ ಸಾಯುವುದಕ್ಕೂ ಹನ್ನೊಂದು ತಿಂಗಳ ಮರಿಯ ತಾಯಿ ಸಾಯುವುದಕ್ಕೂ ಅಜಗಜಾಂತರ. ಮೊದಲನೆಯದಕ್ಕೆ ಯಾರಾದರೂ ಊಟ ಕೊಡಲೇಬೇಕು. ಎರಡನೆಯದು ಕಷ್ಟಪಟ್ಟು ಬದುಕಬಹುದು. ಮೊಲ, ನವಿಲು, ಕಾಡುಹಂದಿಯ ಮರಿ, ಜಿಂಕೆಯ ಮರಿ, ಹೀಗೆ ಸಣ್ಣದರಿಂದ ಶುರು ಮಾಡಿ ಮೇಲೆ ಬರುತ್ತದೆ. ಒಂದು ದೊಡ್ಡ ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ ಗಾತ್ರದ ಪ್ರಾಣಿಗಳು ಬೇಕು ಅನ್ನುವುದು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯ ಅಧ್ಯಯನಗಳ ಮೂಲಕ ನಮಗೆಲ್ಲ ತಿಳಿಸಿಕೊಟ್ಟ ಲೆಕ್ಕ. ಅಂದರೆ ವಾರಕ್ಕೊಂದು. ಬೇಟೆ ಗೊತ್ತಿರುವ ಹುಲಿಯೇ ಎಷ್ಟೋ ಸಲ ಗುರಿ ತಪ್ಪುತ್ತದೆ. ಕಲಿಯುತ್ತಿರುವ ಮರಿ ತಪ್ಪುವುದು ಇನ್ನೂ ಜಾಸ್ತಿ. ಆದ್ದರಿಂದ ಸುತ್ತ ಜಿಂಕೆ, ಕಡವೆ, ಹಂದಿ ದಂಡಿಯಾಗಿರಬೇಕು. ಹತ್ತು ಸಲ ತಪ್ಪಿದರೂ ಹನ್ನೊಂದನೇ ಅವಕಾಶ ಸಿಗಬೇಕು. ನಾಗರಹೊಳೆಯಲ್ಲಿ ಆ ಅವಕಾಶ ಇತ್ತು. ಮರಿಗಳು ಉಳಿದದ್ದಕ್ಕೆ ಅವುಗಳ ಧೈರ್ಯವನ್ನು ಹೊಗಳುತ್ತೇವೆ. ಹೊಗಳಬೇಕಾದ್ದು ಆ ಹಡ್ಲುಗಳನ್ನೂ (ಕಾಡಿನ ನಡುವಿನ ಜೌಗು ಹುಲ್ಲುಗಾವಲು) ಅಲ್ಲಿ ಮೇಯುವ ಜಿಂಕೆ ಹಿಂಡುಗಳನ್ನೂ, ಅವನ್ನು ವರ್ಷಾನುಗಟ್ಟಲೆ ಕಾಯುತ್ತಾ ಬಂದ ವಾಚರುಗಳನ್ನೂ.

ಇನ್ನು ಒಡಹುಟ್ಟಿದವರ ಸಂಗತಿ. ದೊಡ್ಡ ಹುಲಿ ಒಂಟಿ ಪ್ರಾಣಿ. ಆದರೆ ಮರಿಗಳಾಗಿದ್ದಾಗ ಅವು ಒಂಟಿಯಲ್ಲ. ಒಂದರ ಮೇಲೊಂದು ಬಿದ್ದು ಆಡುವ ಆಟದಲ್ಲೇ ಕತ್ತು ಹಿಡಿಯುವುದು, ಹಿಂದಿನಿಂದ ನುಸುಳುವುದು ಎಲ್ಲ ಅಭ್ಯಾಸವಾಗುತ್ತದೆ. ತಾಯಿ ಹೋದ ಮೇಲೆ ಈ ಜೊತೆ ಇನ್ನಷ್ಟು ಬೆಲೆಯುಳ್ಳದ್ದು. ಒಂದಕ್ಕೆ ಸಿಕ್ಕ ಬೇಟೆ ಮೂರಕ್ಕೂ ಒಂದು ಹೊತ್ತಿನ ಊಟ. ಸಹಜವಾಗಿ ಕಷ್ಟವೂ ಇದೆ. ಸಣ್ಣ ಬೇಟೆಯಾದರೆ ಜಗಳ, ಬಲವಾದ ಮರಿಗೆ ಹೆಚ್ಚು ಪಾಲು. ಆದರೂ ಒಟ್ಟಿಗೆ ಇರುವ ಮರಿಗಳನ್ನು ಬೇರೆ ಮಾಡುವುದು ನನ್ನ ಪ್ರಕಾರ ಕೊನೆಯ ದಾರಿಯಾಗಬೇಕು. ಒಂದು ಕೈಗೆ ಸಿಕ್ಕಿತು ಅಂತ ಅದನ್ನಷ್ಟೇ ಬೋನಿಗೆ ಹಾಕಿದರೆ, ಉಳಿದದ್ದು ನಿಜವಾಗಿಯೂ ಒಂಟಿಯಾಗುತ್ತದೆ.

ಅಪ್ಪ ಹುಲಿಯ ಬಗ್ಗೆ ನಾವು ಕೇಳಿಕೊಂಡು ಬಂದದ್ದು ಒಂದೇ ಮಾತು: ಅದು ಮರಿಗಳನ್ನು ಕೊಲ್ಲುತ್ತದೆ. ಇದು ಅರ್ಧ ಸತ್ಯ. ಮರಿಗಳನ್ನು ಕೊಲ್ಲುವುದು ಸಾಮಾನ್ಯವಾಗಿ ಹೊಸದಾಗಿ ಆ ಜಾಗಕ್ಕೆ ಬಂದ ಗಂಡು. ತನ್ನದೇ ಮರಿಗಳ ಜೊತೆ ಗಂಡು ಹುಲಿ ಸಮಾಧಾನವಾಗಿ ಇರುವುದನ್ನು ಕಾಡಿನವರು ಮೊದಲಿಂದಲೂ ಕಂಡಿದ್ದಾರೆ. 2011ರ ಫೆಬ್ರವರಿಯಲ್ಲಿ ರಾಜಸ್ಥಾನದ ರಣಥಂಬೋರ್‌ನಲ್ಲಿ ಟಿ-5 ಅನ್ನುವ ಹೆಣ್ಣು ಹುಲಿ ಸತ್ತಿತು. ಎರಡು ಹೆಣ್ಣು ಮರಿಗಳು ತಬ್ಬಲಿಯಾದವು. ಬಹಳ ಎಳೆಯವು. ಉಳಿಯುವುದಿಲ್ಲ ಅಂತಲೇ ಎಲ್ಲರ ಲೆಕ್ಕ. ಆದರೆ ಟಿ-25 ಅನ್ನುವ ಗಂಡು, ಅದೇ ಮರಿಗಳ ಅಪ್ಪ, ಅವುಗಳ ಜೊತೆ ತಿರುಗಾಡುವುದು ಕ್ಯಾಮೆರಾದಲ್ಲಿ ದಾಖಲಾಯಿತು. ಅದು ಅವಕ್ಕೆ ಕಾವಲಾಗಿ ನಿಂತಿತು. ಎರಡೂ ಅಕ್ಕತಂಗಿಯರು ಬೆಳೆದು ದೊಡ್ಡವಾದವು. 2013ರ ಜನವರಿಯಲ್ಲಿ ಅವನ್ನು ಸರಿಸ್ಕಾಕ್ಕೆ ಕೊಂಡೊಯ್ದರು. ಬೇಟೆಗಾರರ ಕಾಟದಿಂದ ಒಮ್ಮೆ ಹುಲಿಯೇ ಇಲ್ಲದಂತಾಗಿದ್ದ ಕಾಡು ಅದು. ಅಲ್ಲಿ ಅವು ಎಸ್‌ಟಿ-9, ಎಸ್‌ಟಿ-10 ಎಂಬ ಹೊಸ ಹೆಸರಿನಲ್ಲಿ ನೆಲೆ ನಿಂತವು.

ಹತ್ತು ವರ್ಷದ ನಂತರ ಮಧ್ಯಪ್ರದೇಶದ ಪನ್ನಾದಲ್ಲೂ ಇಂಥದ್ದೇ ನಡೆಯಿತು. 2021ರ ಮೇ ತಿಂಗಳಲ್ಲಿ ಒಂದು ಹೆಣ್ಣು ಹುಲಿ ಸತ್ತು, ಏಳೆಂಟು ತಿಂಗಳ ನಾಲ್ಕು ಮರಿಗಳು ಉಳಿದವು. ಅಧಿಕಾರಿಗಳಿಗೆ ಅವನ್ನು ಹಿಡಿದು ಆವರಣದಲ್ಲಿ ಬೆಳೆಸುವ ಆಯ್ಕೆ ಇತ್ತು. ಅವರು ಕಾದರು. ಪಿ-243 ಅನ್ನುವ ಅಪ್ಪ ಹುಲಿಯ ಚಲನವಲನ ಗಮನಿಸಿದರು. ಅದು ಮರಿಗಳಿಗೆ ಏನೂ ಮಾಡದೆ, ಅವುಗಳ ಸುತ್ತಮುತ್ತಲೇ ಓಡಾಡಿಕೊಂಡಿತ್ತು. ಮರಿಗಳು ಕಾಡಿನಲ್ಲೇ ಬೆಳೆದು, ನಿಧಾನವಾಗಿ ಬೇಟೆಗೆ ಇಳಿದವು. ಇಲ್ಲಿ ಅಪ್ಪ ಹುಲಿ ಬೇಟೆ ಕಲಿಸಿತೋ ಇಲ್ಲವೋ ಅನ್ನುವುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದು ಆ ಜಾಗದ ಒಡೆಯನಾಗಿ ಉಳಿದಿತ್ತು. ಅದು ಇರುವ ತನಕ ಬೇರೆ ಗಂಡು ಒಳಗೆ ಬರುವುದು ಸುಲಭವಲ್ಲ. ಮರಿಗಳಿಗೆ ಬೇಕಾಗಿದ್ದ ಕೆಲವು ತಿಂಗಳುಗಳು ಹಾಗೆ ಸಿಕ್ಕವು.

ನನಗೆ ತುಂಬ ಹಿಡಿಸಿದ ಉದಾಹರಣೆ ಮಾತ್ರ ಮಧ್ಯಪ್ರದೇಶದ ಸಂಜಯ್ ದುಬ್ರಿ ಕಾಡಿನದ್ದು. ಅಲ್ಲಿ ಕಾಡಿನ ನಡುವೆ ರೈಲು ಹಳಿ ಹಾದುಹೋಗಿದೆ. 2022ರ ಮಾರ್ಚ್‌ನಲ್ಲಿ ಟಿ-18 ಅನ್ನುವ ಹೆಣ್ಣು ಹುಲಿ ರೈಲಿಗೆ ಸಿಕ್ಕಿ ಸತ್ತಿತು. ನಾಲ್ಕು ಮರಿಗಳು ತಬ್ಬಲಿ. ಅದರಲ್ಲಿ ಒಂದನ್ನು ಗಂಡು ಹುಲಿ ಕೊಂದಿತು. ಉಳಿದ ಮೂರನ್ನು ಟಿ-28 ಅನ್ನುವ ಇನ್ನೊಂದು ಹೆಣ್ಣು ತನ್ನ ಸ್ವಂತ ಮರಿಗಳ ಜೊತೆ ಸೇರಿಸಿಕೊಂಡಿತು. ಅದು ಸತ್ತ ಹುಲಿಯ ಅಕ್ಕತಂಗಿ. ಅಂದರೆ ಮರಿಗಳಿಗೆ ಚಿಕ್ಕಮ್ಮನೋ ದೊಡ್ಡಮ್ಮನೋ. ಮಾಂಸ ಹಂಚಿತು, ಜೊತೆಗೆ ಕರೆದುಕೊಂಡು ತಿರುಗಿತು. ಅಲ್ಲಿನ ಜನ ಅದನ್ನು ‘ಮೌಸಿ’ ಅಂತ ಪ್ರೀತಿಯಿಂದ ಕರೆದರು.

ಇದನ್ನು ಪವಾಡ ಅಂತ ನೋಡಬೇಕಾಗಿಲ್ಲ. ಹೆಣ್ಣು ಹುಲಿಗಳು ಬೆಳೆದ ಮೇಲೆ ಸಾಮಾನ್ಯವಾಗಿ ತಾಯಿಯ ಜಾಗದ ಪಕ್ಕದಲ್ಲೇ ಜಾಗ ಹಿಡಿಯುತ್ತವೆ. ಗಂಡುಗಳೇ ದೂರ ಹೋಗುವುದು. ಹಾಗಾಗಿ ಒಳ್ಳೆಯ ಕಾಡಿನಲ್ಲಿ ಅಕ್ಕಪಕ್ಕದ ಹೆಣ್ಣು ಹುಲಿಗಳು ಎಷ್ಟೋ ಸಲ ಸಂಬಂಧಿಕರೇ ಆಗಿರುತ್ತವೆ. ತಬ್ಬಲಿ ಮರಿ ಅಲೆದು ಪಕ್ಕದ ಜಾಗಕ್ಕೆ ಹೋದರೆ, ಅಲ್ಲಿ ಎದುರಾಗುವುದು ಪೂರ್ತಿ ಅಪರಿಚಿತ ಹುಲಿಯೇ ಆಗಿರಬೇಕಿಲ್ಲ. ಮರಿಗಳನ್ನು ತರಾತುರಿಯಲ್ಲಿ ಹಿಡಿದು ಲಾರಿಗೆ ಹತ್ತಿಸಿದರೆ, ಅಪ್ಪ, ಚಿಕ್ಕಮ್ಮ, ಒಡಹುಟ್ಟು, ಪರಿಚಯದ ಹಳ್ಳಕೊಳ್ಳ ಎಲ್ಲವೂ ಒಂದೇ ಏಟಿಗೆ ಕಳೆದುಹೋಗುತ್ತವೆ. ಆಮೇಲೆ ಅದನ್ನು ಮತ್ತೆ ಕಟ್ಟಿಕೊಡುವುದು ಎಷ್ಟು ಕಷ್ಟ ಅನ್ನುವುದನ್ನು ಈಗ ನೋಡೋಣ.

ಹಿಡಿದು ಬೆಳೆಸಿ ಮತ್ತೆ ಕಾಡಿಗೆ ಬಿಡುವುದಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ, ಅಂದರೆ ಎನ್‌ಟಿಸಿಎಯ, ಲಿಖಿತ ನಿಯಮಗಳಿವೆ. ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದ ಹಾಗೆ, ಕಾಡಿನೊಳಗಿನ ಆವರಣದಲ್ಲಿ ಕನಿಷ್ಠ ಎರಡು ವರ್ಷ ಬೆಳೆಸಬೇಕು. ಪ್ರತಿ ಮರಿಯೂ ಕನಿಷ್ಠ 50 ಬೇಟೆ ಯಶಸ್ವಿಯಾಗಿ ಮಾಡಿರಬೇಕು. ಆರೋಗ್ಯವಾಗಿರಬೇಕು. ಬಿಡುವಾಗ ಓಡಾಟ ಪತ್ತೆಹಚ್ಚುವ ರೇಡಿಯೋ ಕಾಲರ್ ಹಾಕಬೇಕು. ಓದಲು ಸುಲಭ. ಮಾಡಲು ಹೆಕ್ಟೇರುಗಟ್ಟಲೆ ಬೇಲಿ ಹಾಕಿದ ಜಾಗ ಬೇಕು, ಅದರೊಳಗೆ ಜೀವಂತ ಜಿಂಕೆಗಳನ್ನು ಬಿಡುತ್ತಾ ಇರಬೇಕು, ಪಶುವೈದ್ಯರು ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು.

ಈ ದಾರಿಯಲ್ಲಿ ದೊಡ್ಡ ಯಶಸ್ಸು ಮಧ್ಯಪ್ರದೇಶದ ಕಾನ್ಹಾ ಕಾಡಿನ ಅಕ್ಕತಂಗಿಯರದ್ದು. 2005ರಲ್ಲಿ ಕಾನ್ಹಾದಲ್ಲಿ ತಾಯಿ ಸತ್ತಾಗ ಅವು ತೀರಾ ಎಳೆಯ ಮರಿಗಳು. ಕಾಡಿನಲ್ಲಿ ಬಿಟ್ಟಿದ್ದರೆ ಖಂಡಿತ ಸಾಯುತ್ತಿದ್ದವು. ಮನುಷ್ಯರೇ ಸಾಕಿ ಬದುಕಿಸಿದರು. ಆಮೇಲೆ ಆವರಣದಲ್ಲಿ ಬಿಟ್ಟು ಬೇಟೆ ಅಭ್ಯಾಸ ಮಾಡಿಸಿದರು. ಆರು ವರ್ಷದ ನಂತರ, 2011ರ ಮಾರ್ಚ್‌ನಲ್ಲಿ ಒಂದನ್ನು, ಅದೇ ವರ್ಷದ ನವೆಂಬರ್‌ನಲ್ಲಿ ಇನ್ನೊಂದನ್ನು ಪನ್ನಾಕ್ಕೆ ತಂದು ಬಿಟ್ಟರು. ಟಿ-4, ಟಿ-5 ಅಂತ ಹೆಸರು (ರಣಥಂಬೋರ್‌ನ ಟಿ-5 ಬೇರೆ). ಸಾಕಿದ ಹುಲಿ ಕಾಡಿನಲ್ಲಿ ಬದುಕುತ್ತದೆಯೇ, ಊರಿಗೆ ನುಗ್ಗುವುದಿಲ್ಲವೇ ಅನ್ನುವ ಅನುಮಾನ ಹಲವರಿಗಿತ್ತು. ಟಿ-4 ಬೇಟೆಯಾಡಿತು, ಪನ್ನಾದ ಗಂಡು ಹುಲಿಯ ಜೊತೆ ಕೂಡಿತು, ವರ್ಷ ತುಂಬುವ ಮೊದಲೇ ಮರಿ ಹಾಕಿತು. ಟಿ-5 ಕೂಡ ಆಮೇಲೆ ತಾಯಿಯಾಯಿತು. ತಾಯಿಯನ್ನೇ ನೋಡಿ ಕಲಿಯದ ಎರಡು ಹುಲಿಗಳು ತಾವೇ ತಾಯಂದಿರಾಗಿ ಮರಿಗಳನ್ನು ಬೆಳೆಸಿದವು. ಇದನ್ನು ಬರೆಯುವಾಗ ಈಗಲೂ ಮೈ ಜುಮ್ ಅನ್ನುತ್ತದೆ.

ಆದರೆ ಈ ಯಶಸ್ಸಿನ ಹಿಂದಿನ ಕಾರಣ ನೋಡಬೇಕು. 2009ರ ಹೊತ್ತಿಗೆ ಪನ್ನಾದಲ್ಲಿ ಒಂದೇ ಒಂದು ಹುಲಿ ಉಳಿದಿರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ ಬಾಂಧವಗಡ ಮತ್ತು ಕಾನ್ಹಾದಿಂದ ಎರಡು ಹೆಣ್ಣು ಹುಲಿಗಳನ್ನು ತಂದರು. ಆಮೇಲೆ ಪೆಂಚ್‌ನಿಂದ ಟಿ-3 ಅನ್ನುವ ಗಂಡು ಬಂತು. ಅದು ಬಂದ ಕೆಲವೇ ದಿನದಲ್ಲಿ ಹೊರಟುಬಿಟ್ಟಿತು. ದಕ್ಷಿಣಕ್ಕೆ, ತನ್ನ ಹಳೆಯ ಕಾಡಿನ ದಿಕ್ಕಿಗೆ, ನೂರಾರು ಕಿಲೋಮೀಟರ್ ನಡೆಯಿತು. ಆಗ ಪನ್ನಾದ ಮುಖ್ಯಸ್ಥರಾಗಿದ್ದ ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ಸಿಬ್ಬಂದಿ ಬೆನ್ನಿಗೆ ಬಿದ್ದು ಹಿಂಬಾಲಿಸಿ, ಡಿಸೆಂಬರ್‌ನಲ್ಲಿ ಅದನ್ನು ಮತ್ತೆ ಕರೆತಂದರು. 2010ರ ಏಪ್ರಿಲ್‌ನಲ್ಲಿ ಮೊದಲ ಮರಿಗಳು ಹುಟ್ಟಿದವು. ಇಂಥ ಕಾಡಿಗೆ ಬಂದವು ಕಾನ್ಹಾದ ಅಕ್ಕತಂಗಿಯರು. ಜಾಗ ಖಾಲಿ ಇತ್ತು. ಬೇಟೆ ಇತ್ತು. ‘ಇದು ನನ್ನ ಜಾಗ, ಆಚೆ ಹೋಗು’ ಅನ್ನುವ ಹುಲಿಗಳು ಬೆರಳೆಣಿಕೆಯಷ್ಟು. ಟಿ-3ಗೆ ಹಿಂದಿರುಗಲು ಒಂದು ಹಳೆಯ ಮನೆ ಇತ್ತು. ಈ ಎರಡಕ್ಕೆ ಹಾಗೆ ಸೆಳೆಯುವ ಕಾಡು ಬೇರೆ ಇರಲಿಲ್ಲ, ಅದೂ ಒಂದು ಅನುಕೂಲವಾಯಿತೇನೋ ಅಂತ ನನಗೆ ಅನ್ನಿಸುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಮಹಾರಾಷ್ಟ್ರದ ಯವತ್ಮಾಳದ ಅವನಿ ಹುಲಿ ನೆನಪಿರಬಹುದು. ಹದಿಮೂರು ಜನರ ಸಾವಿಗೆ ಕಾರಣ ಅಂತ ಆರೋಪ ಹೊತ್ತ ಅದನ್ನು 2018ರ ನವೆಂಬರ್ 2ರ ರಾತ್ರಿ ಗುಂಡಿಟ್ಟು ಕೊಂದರು. ಅದಕ್ಕೆ ಎರಡು ಮರಿ, ಸುಮಾರು ಹತ್ತು ಹನ್ನೊಂದು ತಿಂಗಳ ವಯಸ್ಸು. ಒಂದು ಗಂಡು, ಒಂದು ಹೆಣ್ಣು. ಡಿಸೆಂಬರ್‌ನಲ್ಲಿ ಹೆಣ್ಣು ಮರಿಯನ್ನು ಹಿಡಿದರು. ಗಂಡು ಸಿಗಲಿಲ್ಲ, ಅಲ್ಲೇ ಉಳಿಯಿತು. ಹೆಣ್ಣನ್ನು ಪೆಂಚ್‌ನ ಆವರಣದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಬೆಳೆಸಿ, ಬೇಟೆ ಕಲಿಸಿ, ಕಾಲರ್ ಹಾಕಿ, 2021ರ ಮಾರ್ಚ್ 5ರಂದು ಕಾಡಿಗೆ ಬಿಟ್ಟರು. ನಿಯಮದ ಪ್ರಕಾರವೇ ಎಲ್ಲ ನಡೆದಿತ್ತು. ಹತ್ತು ದಿನ ತುಂಬುವ ಮೊದಲೇ ಅದು ಸತ್ತಿತು. ಆ ಜಾಗದಲ್ಲಿ ಮೊದಲೇ ಇದ್ದ ಹುಲಿಯ ಜೊತೆ ಕಾದಾಡಿ ಆದ ಗಾಯಗಳು ಅದನ್ನು ಉಳಿಸಲಿಲ್ಲ.

ಕಾನ್ಹಾದ ಮರಿಗಳಿಗೆ ಕಾಡಿನ ನೆನಪೇ ಇರಲಿಲ್ಲ. ಅವನಿಯ ಮಗಳು ಹತ್ತು ತಿಂಗಳು ತಾಯಿಯ ಜೊತೆ ಕಾಡಿನಲ್ಲಿ ಬೆಳೆದಿತ್ತು. ಬೇಟೆಯ ಲೆಕ್ಕದಲ್ಲಿ ನೋಡಿದರೆ ಎರಡನೆಯದೇ ಗೆಲ್ಲಬೇಕಿತ್ತು. ಗೆದ್ದದ್ದು ಮೊದಲನೆಯವು. ಯಾಕೆಂದರೆ ಬೇಟೆ ಕಲಿತರೆ ಮಾತ್ರ ಮನೆ ಸಿಗುವುದಿಲ್ಲ. ಮನೆ ಖಾಲಿ ಇರಬೇಕು. ಪೆಂಚ್‌ನಲ್ಲಿ ಹುಲಿಗಳಿದ್ದವು. ಹೊರಗಿನಿಂದ ಬಂದ ಮೂರು ವರ್ಷದ ಹೆಣ್ಣಿಗೆ ಅವು ಜಾಗ ಬಿಟ್ಟುಕೊಡುವುದಿಲ್ಲ.

ರಷ್ಯಾದ ದೂರಪ್ರಾಚ್ಯದಲ್ಲೂ ಇದೇ ಪಾಠ. ಅಲ್ಲಿ 2012ರಲ್ಲಿ ಹಿಮದಲ್ಲಿ ಸಿಕ್ಕ ಜೊಲುಷ್ಕಾ ಅನ್ನುವ ತಬ್ಬಲಿ ಮರಿಯನ್ನು ಮನುಷ್ಯರ ನೆರಳೂ ಬೀಳದಂತೆ ಬೆಳೆಸಿ, 2013ರ ಮೇನಲ್ಲಿ ಬಾಸ್ತಾಕ್ ಕಾಡಿಗೆ ಬಿಟ್ಟರು. ದಶಕಗಳಿಂದ ಹುಲಿ ಹೆಚ್ಚುಕಡಿಮೆ ಇಲ್ಲದಂತಾಗಿದ್ದ ಸೀಮೆ ಅದು. 2015ರಲ್ಲಿ ಅದು ಎರಡು ಮರಿ ಹಾಕಿತು. 2014ರಲ್ಲಿ ಹಾಗೆಯೇ ಬಿಟ್ಟ ಇನ್ನೊಂದು ತಬ್ಬಲಿ, ಉಸ್ತಿನ್, ಗಡಿ ದಾಟಿ ಚೀನಾಕ್ಕೆ ಹೋಗಿ ಆಡುಗಳನ್ನು ಕೊಂದಿತು. ಕೊನೆಗೆ ಅದನ್ನು ಹಿಡಿದು ಮೃಗಾಲಯಕ್ಕೆ ಕಳಿಸಬೇಕಾಯಿತು. ಒಂದೇ ತರಹ ಬೆಳೆಸಿದರೂ ಎಲ್ಲವೂ ಒಂದೇ ತರಹ ಆಗುವುದಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಕರ್ನಾಟಕಕ್ಕೆ ಬರೋಣ. 2022ರ ಗಣತಿ ಪ್ರಕಾರ ದೇಶದಲ್ಲಿ 3,682 ಹುಲಿಗಳು. ನಮ್ಮ ರಾಜ್ಯದಲ್ಲಿ 563. ಮಧ್ಯಪ್ರದೇಶದ 785 ಬಿಟ್ಟರೆ ನಮ್ಮದೇ ಜಾಸ್ತಿ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಪಕ್ಕದ ಮುದುಮಲೆ, ವಯನಾಡು ಕೂಡ ತುಂಬಿವೆ. ನಾಗರಹೊಳೆಯಂಥ ಕಾಡಿನಲ್ಲಿ ಒಂದು ಹೆಣ್ಣು ಹುಲಿ ಹದಿನೈದು ಇಪ್ಪತ್ತು ಚದರ ಕಿಲೋಮೀಟರ್‌ನಲ್ಲಿ ಸಂಸಾರ ಮಾಡುತ್ತದೆ. ರಷ್ಯಾದಲ್ಲಿ ಅದೇ ಹೆಣ್ಣಿಗೆ ಸುಮಾರು ನಾನೂರು ಚದರ ಕಿಲೋಮೀಟರ್ ಬೇಕು. ಅಷ್ಟು ಒತ್ತೊತ್ತಾಗಿ ಹುಲಿಗಳಿರುವ ಜಾಗ ನಮ್ಮದು. ಸಾಕಿದ ಮರಿಯನ್ನು ಎರಡು ವರ್ಷದ ನಂತರ ತಂದು ಅಲ್ಲಿ ಬಿಟ್ಟರೆ ಅವನಿಯ ಮಗಳಿಗಾದದ್ದೇ ಆಗುತ್ತದೆ. ಅದೃಷ್ಟ ಚೆನ್ನಾಗಿದ್ದರೆ ಕಾಡಂಚಿಗೆ ತಳ್ಳಿಸಿಕೊಂಡು ಸರಗೂರು, ಹುಣಸೂರು, ಗುಂಡ್ಲುಪೇಟೆ ಕಡೆಯ ಹೊಲಗಳಿಗೆ ಬರುತ್ತದೆ. ಆಮೇಲೆ ದನ ಹಿಡಿಯುತ್ತದೆ. ಆಮೇಲೆ ಬೋನು. ಆಮೇಲೆ ಮೈಸೂರು ಪಕ್ಕದ ಕೂರ್ಗಳ್ಳಿ ಪುನರ್ವಸತಿ ಕೇಂದ್ರ. ಅಲ್ಲಿಗೆ ಹೋದ ಹುಲಿ ಕಾಡಿಗೆ ಮರಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಹಾಗಾಗಿಯೇ ಇಂಥ ಕಾಡುಗಳಲ್ಲಿ ಸ್ವಲ್ಪ ಬೆಳೆದ ಮರಿಗಳನ್ನು ಅವು ಇರುವಲ್ಲೇ ಬಿಡುವುದು ಉತ್ತಮ ಅಂತ ನಾನು ಹೇಳುವುದು. ತಾಯಿಯ ಜಾಗ ಅವಕ್ಕೆ ಗೊತ್ತು. ಯಾವ ಕೆರೆಗೆ ಜಿಂಕೆ ಸಂಜೆ ಬರುತ್ತದೆ, ಬೇಸಿಗೆಯಲ್ಲಿ ಎಲ್ಲಿ ನೀರು ಉಳಿಯುತ್ತದೆ, ಯಾವ ಕಡೆ ದೊಡ್ಡ ಗಂಡಿನ ವಾಸನೆ ಜಾಸ್ತಿ, ಎಲ್ಲ ಗೊತ್ತು. ಅಲ್ಲಿ ಎಲ್ಲವೂ ಉಳಿಯುತ್ತವೆ ಅಂತ ನಾನು ಹೇಳುವುದಿಲ್ಲ. ತಾಯಿ ಇದ್ದಾಗಲೇ ಹುಲಿಮರಿಗಳಲ್ಲಿ ಸಾಯುವವು ಕಡಿಮೆಯೇನಲ್ಲ. ಒಂದು ಸತ್ತರೆ ಇಲಾಖೆಯ ಮೇಲೆ ಎಲ್ಲರೂ ಮುಗಿಬೀಳುತ್ತಾರೆ. ಆ ಭಯದಿಂದಲೇ ಎಷ್ಟೋ ಕಡೆ ಅಧಿಕಾರಿಗಳು ಹಿಡಿದುಬಿಡುವ ನಿರ್ಧಾರಕ್ಕೆ ಬರುತ್ತಾರೆ. ಹಿಡಿದ ಮರಿ ಆವರಣದಲ್ಲಿ ಹದಿನೈದು ವರ್ಷ ಬದುಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಬಿಟ್ಟ ಮರಿ ಮೂರು ತಿಂಗಳಿಗೆ ಸತ್ತರೆ ಟಿವಿ ತುಂಬ ಅದೇ ಸುದ್ದಿ. ನಾವು ಓದುಗರು, ನೋಡುಗರು ಈ ಒತ್ತಡವನ್ನು ಸ್ವಲ್ಪ ಕಡಿಮೆ ಮಾಡಬಹುದು, ಅಲ್ವಾ?

ಬಿಡುವುದು ಅಂದರೆ ಸುಮ್ನೆ ಕೈಕಟ್ಟಿ ಕೂರುವುದಲ್ಲ. ಪಟ್ಟೆಗಳಿಂದ ಪ್ರತಿ ಮರಿಯನ್ನೂ ಗುರುತು ಹಿಡಿಯಬೇಕು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಆ ಭಾಗದಲ್ಲಿ ಸಫಾರಿ ನಿಲ್ಲಿಸಬೇಕು. ಕ್ಯಾಮೆರಾ ಟ್ರ್ಯಾಪ್ ಹೆಚ್ಚಿಸಬೇಕು. ಅಪ್ಪ ಹುಲಿ ಯಾವುದು, ಅದು ಇನ್ನೂ ಅಲ್ಲೇ ಇದೆಯೇ ನೋಡಬೇಕು. ಮರಿಗಳು ಹೊಟ್ಟೆ ತುಂಬ ತಿಂದಿವೆಯೇ, ಸೊರಗಿವೆಯೇ ಅಂತ ಫೋಟೋದಲ್ಲೇ ಗೊತ್ತಾಗುತ್ತದೆ. ತೀರಾ ಸೊರಗಿದ್ದರೆ ಮಾತ್ರ ಮಧ್ಯೆ ಪ್ರವೇಶಿಸಬೇಕು. ಎಲ್ಲಕ್ಕಿಂತ ಮೊದಲು ಪಕ್ಕದ ಊರು, ಹಾಡಿಗಳ ಜನರಿಗೆ ವಿಷಯ ತಿಳಿಸಬೇಕು. ಬೇಟೆ ಬಾರದ ಮರಿಗೆ ಕಟ್ಟಿಹಾಕಿದ ಕರು ಸುಲಭದ ತುತ್ತು. ಒಮ್ಮೆ ರುಚಿ ಹತ್ತಿದರೆ ಮತ್ತೆ ಬರುತ್ತದೆ. ಆ ಹಸುವಿನ ನಷ್ಟವನ್ನು ಬಡ ರೈತನೊಬ್ಬನೇ ಹೊರುವ ಹಾಗಾದರೆ, ಮರಿಗಳನ್ನು ಕಾಡಿನಲ್ಲೇ ಬಿಟ್ಟ ನಿರ್ಧಾರದ ಬೆಲೆಯನ್ನೂ ಅವನೊಬ್ಬನೇ ತೆತ್ತಂತೆ. ಅದು ನ್ಯಾಯವಲ್ಲ. ಇಂಥ ಮರಿಗಳಿರುವ ಸುತ್ತಮುತ್ತಲ ಹಳ್ಳಿಗಳಿಗೆ ದನದ ಪರಿಹಾರ ತಿಂಗಳುಗಟ್ಟಲೆ ಎಳೆಯದೆ ದಿನಗಳಲ್ಲಿ ಕೈಗೆ ಬರುವ ವ್ಯವಸ್ಥೆ ಇರಲೇಬೇಕು.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ನಡೆದದ್ದನ್ನು ಇಲ್ಲಿ ಹೇಳದಿರಲು ಆಗುವುದಿಲ್ಲ. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದರು. ತಾಯಿ ಹುಲಿ, ನಾಲ್ಕು ಮರಿ, ಐದೂ ಸತ್ತವು. ತಬ್ಬಲಿಯಾಗಲೂ ಒಂದು ಮರಿ ಉಳಿಯಲಿಲ್ಲ. ವಿಷ ಹಾಕಿದವರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಸು ಸತ್ತ ಮನೆಯ ಸಿಟ್ಟು ವಿಷದ ತನಕ ಹೋಗುವ ಮೊದಲು, ಅಲ್ಲಿಗೆ ಯಾರಾದರೂ ಹೋಗಿ ಕಷ್ಟ ಕೇಳಿದರೇ ಅನ್ನುವ ಪ್ರಶ್ನೆಯೂ ಅಷ್ಟೇ ದೊಡ್ಡದು.

ಇನ್ನು ಉರುಳು. ಹುಲಿಗೆ ಅಂತ ಯಾರೂ ಉರುಳು ಹಾಕಿರುವುದಿಲ್ಲ ಎಷ್ಟೋ ಸಲ. ಬೆಳೆಗೆ ಬರುವ ಹಂದಿಗೆ, ಇಲ್ಲವೇ ಜಿಂಕೆಯ ಮಾಂಸದ ಆಸೆಗೆ ಹಾಕಿರುತ್ತಾರೆ. ಬೈಕಿನ ಕ್ಲಚ್ ವೈರ್ ಇದ್ದರೆ ಸಾಕು. ಖರ್ಚು ಏನೂ ಇಲ್ಲ. ಸಿಕ್ಕಿಕೊಂಡ ಪ್ರಾಣಿ ಎಳೆದಷ್ಟೂ ಬಿಗಿಯುತ್ತದೆ. ಕಾಡಂಚಿನ ಬೇಲಿ, ಹಳ್ಳ, ಪೊದೆಗಳಲ್ಲಿ ವಾಚರುಗಳು ದಿನವೂ ಕೋಲು ಹಿಡಿದು ಉರುಳು ಹುಡುಕುತ್ತಾ ನಡೆಯುವುದೇ ಇದಕ್ಕೆ ಈಗಿರುವ ಮದ್ದು. ಆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ದಿನಗೂಲಿಯವರು, ಅದರಲ್ಲೂ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು. ತಬ್ಬಲಿ ಮರಿಗಳಿಗೆ ಆವರಣ ಕಟ್ಟಲು ದುಡ್ಡು ಹುಡುಕುವ ಮೊದಲು, ಇವರಿಗೆ ತಿಂಗಳು ತಿಂಗಳು ಸರಿಯಾಗಿ ಸಂಬಳ ಕೊಡಲು ಹುಡುಕಬೇಕು. ತಾಯಿ ಉಳಿದರೆ ಮರಿಗೆ ಬೇರೆ ಏನೂ ಬೇಕಾಗಿಲ್ಲ.

ತೀರಾ ಎಳೆಯ ಮರಿಗಳ ವಿಷಯ ಹಾಗೇ ಉಳಿಯುತ್ತದೆ. ಮೂರ್ನಾಲ್ಕು ತಿಂಗಳಿನವು, ಸುತ್ತ ಅಪ್ಪನ ಸುಳಿವೂ ಇಲ್ಲ, ಸೊರಗುತ್ತಿವೆ ಅಂದರೆ ಹಿಡಿಯಲೇಬೇಕು. ಆಗ ಕಾನ್ಹಾದ ತರಹ, ಕಾಡಿನೊಳಗೇ, ಒಡಹುಟ್ಟಿದವುಗಳನ್ನು ಒಟ್ಟಿಗೇ ಇಟ್ಟು ಬೆಳೆಸುವ ವ್ಯವಸ್ಥೆ ಬೇಕು. ಬಿಡುವ ಜಾಗವನ್ನು ಮರಿ ಹಿಡಿದ ದಿನದಿಂದಲೇ ಹುಡುಕಲು ಶುರು ಮಾಡಬೇಕು. ನಾಗರಹೊಳೆ, ಬಂಡೀಪುರ ಅಲ್ಲ. ಹುಲಿ ಕಡಿಮೆ ಇದ್ದು, ಬೇಟೆ ಪ್ರಾಣಿ ಚೇತರಿಸಿಕೊಳ್ಳುತ್ತಿರುವ ಕಾಡು. ಅಂಥ ಕಾಡಿನಲ್ಲಿ ಮೊದಲು ಜಿಂಕೆ, ಕಡವೆ ಹೆಚ್ಚಿಸುವ ಕೆಲಸ ಆಗಬೇಕು. ಒಂದು ಹುಲಿಗೆ ವರ್ಷಕ್ಕೆ 50 ಪ್ರಾಣಿ ಬೇಕಾದರೆ, ಹಿಂಡು ಕರಗದೆ ಉಳಿಯಲು ಸುಮಾರು 500 ಪ್ರಾಣಿ ಇರಬೇಕು ಅನ್ನುವುದು ಕಾರಂತರದ್ದೇ ಲೆಕ್ಕ.

ಕೊನೆಗೆ, ತಬ್ಬಲಿಯಲ್ಲದ ತಬ್ಬಲಿಗಳ ಬಗ್ಗೆ. ಮಂಡ್ಯ, ಮೈಸೂರು, ಚಾಮರಾಜನಗರ ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಗುವುದು ಮಾಮೂಲಿ. ಎರಡೋ ಮೂರೋ ಒಟ್ಟಿಗೆ ಮುದುಡಿಕೊಂಡಿರುತ್ತವೆ. ತಾಯಿ ಸತ್ತಿರುವುದಿಲ್ಲ. ಹಗಲು ಜನರ ಗದ್ದಲಕ್ಕೆ ಹೆದರಿ ದೂರ ಹೋಗಿರುತ್ತದೆ ಅಷ್ಟೇ. ಅವನ್ನು ಎತ್ತಿಕೊಂಡು ಮನೆಗೆ ತಂದು, ಹಾಲು ಕುಡಿಸಿ, ಸೆಲ್ಫಿ ತೆಗೆದು, ಮರುದಿನ ಇಲಾಖೆಗೆ ಕೊಡುವುದರಿಂದ ಅವು ನಿಜವಾಗಿಯೂ ತಬ್ಬಲಿಯಾಗುತ್ತವೆ. ಮರಿ ಸಿಕ್ಕರೆ ಮುಟ್ಟಬೇಡಿ. ಕಡಿಯುವ ಕೆಲಸ ನಿಲ್ಲಿಸಿ, ಜನರನ್ನು ದೂರ ಕಳಿಸಿ, ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ. ಸಿಬ್ಬಂದಿ ಸಂಜೆ ಹೊತ್ತಿಗೆ ಮರಿಗಳನ್ನು ಅದೇ ಜಾಗದಲ್ಲಿ, ತೆರೆದ ಪೆಟ್ಟಿಗೆಯಲ್ಲಿ ಇಟ್ಟು, ದೂರದಲ್ಲಿ ಕ್ಯಾಮೆರಾ ಕಟ್ಟುತ್ತಾರೆ. ಹೆಚ್ಚಿನ ಸಲ ತಾಯಿ ಕತ್ತಲಾದ ಮೇಲೆ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ. ಮೊದಲ ರಾತ್ರಿ ಬರದಿದ್ದರೆ ಎರಡನೇ ರಾತ್ರಿಯೂ ಕಾಯಬೇಕು. ಆ ಎರಡು ದಿನ ಹೊಲದವರಿಗೆ ಕಡಿಯುವ ಕೂಲಿ ನಷ್ಟವಾಗುತ್ತದೆ. ಅದನ್ನು ತುಂಬಿಕೊಡುವ ಒಂದು ಸಣ್ಣ ನಿಧಿಯನ್ನು ಪ್ರತಿ ವಲಯದಲ್ಲಿ ಇಟ್ಟರೆ, ರೈತರು ಕಾಯಲು ಖುಷಿಯಿಂದಲೇ ಒಪ್ಪುತ್ತಾರೆ.